ಓಡುವವನ ಬೆನ್ನ ಹಿಂದೆ

ಸಿನಿಮಾದ ನಾಯಕ ಊಟ ನಿದ್ದೆ ಬಿಟ್ಟು ಏನನ್ನೋ ಬೆನ್ನಟ್ಟುತ್ತಾನೆ. ಅವನಿಗೆ ಇಷ್ಟು ಹಟ ಏಕೆ ಎಂಬುದು ಪ್ರೇಕ್ಷಕನಿಗೆ ತಿಳಿಯದಿದ್ದರೆ ಆ ಓಟ ಬರೀ ಆಯಾಸ. ಕಥೆ ಬರೆಯುವ ನಮಗೆ ಇದೇನೂ ಕಷ್ಟವಲ್ಲ. ಪಾತ್ರದ ಮನಸ್ಸಿನೊಳಗೆ ಹೊಕ್ಕು ನಾಲ್ಕು ಸಾಲು ಬರೆದರಾಯಿತು. ಪರದೆಗೆ ಆ ಸೌಲಭ್ಯವಿಲ್ಲ. ಹಾಗಾಗಿಯೇ ಎಷ್ಟೋ ಚಿತ್ರಗಳಲ್ಲಿ ನಾಯಕ ಗೆಳೆಯನೆದುರು ಕೂತು ತನ್ನ ಬಾಲ್ಯದ ದುಃಖವನ್ನೆಲ್ಲ ಒಪ್ಪಿಸುತ್ತಾನೆ.

1948ರ ಇಟಲಿಯ ‘ಬೈಸಿಕಲ್ ಥೀವ್ಸ್’ ಬೇರೆ ದಾರಿ ಹಿಡಿಯಿತು. ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ. ಚಿತ್ರಕಥೆ ಬರೆದವರಲ್ಲಿ ಚೆಸಾರೆ ಜವಾಟ್ಟಿನಿ ಪ್ರಮುಖರು. ಮೂಲ ಕಾದಂಬರಿಯಲ್ಲಿ ಸೈಕಲ್ ಕಳೆದುಕೊಂಡವನು ಕಲಾವಿದ. ಚಿತ್ರಕಥೆ ಅವನ ಜಾಗದಲ್ಲಿ ಯುದ್ಧಾನಂತರದ ರೋಮ್ ನಗರದ ನಿರುದ್ಯೋಗಿಯೊಬ್ಬನನ್ನು ನಿಲ್ಲಿಸಿತು. ಆಂತೋನಿಯೊಗೆ ಪೋಸ್ಟರ್ ಅಂಟಿಸುವ ಕೆಲಸವೇನೋ ಸಿಗುತ್ತದೆ. ಆದರೆ ಸ್ವಂತ ಸೈಕಲ್ ಇರಬೇಕು. ಅದು ಗಿರವಿಯಲ್ಲಿದೆ. ಹೆಂಡತಿ ಮರಿಯಾ ಹಾಸಿಗೆಯ ಚಾದರಗಳನ್ನು ಎಳೆದು ಗಂಟು ಕಟ್ಟುತ್ತಾಳೆ. ಗಿರವಿ ಅಂಗಡಿಯವನು ಆ ಗಂಟನ್ನು ಹೊತ್ತು ಎತ್ತರದ ಕಪಾಟು ಹತ್ತುತ್ತಾನೆ. ಅಲ್ಲಿ ಸಾಲು ಸಾಲಾಗಿ ಅಂಥವೇ ಗಂಟುಗಳು! ಒಂದು ಮನೆಯ ಬಡತನ ಇಡೀ ಶಹರದ ಬಡತನವಾಗಿ ಕಾಣುತ್ತದೆ.

ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಪುಟ್ಟ ಮಗ ಬ್ರೂನೊನ ಜೊತೆ ಅವನು ಊರೆಲ್ಲ ಹುಡುಕುವಾಗ ‘ಏಕೆ’ ಎಂದು ನಾವು ಕೇಳುವುದಿಲ್ಲ. ಆ ಬರಿದಾದ ಹಾಸಿಗೆಯನ್ನು ನಾವಾಗಲೇ ನೋಡಿದ್ದೇವೆ.

ನಮ್ಮದೊಂದು ಕಥೆಯನ್ನು ಯುವ ಗೆಳೆಯರೊಬ್ಬರು ಕಿರುಚಿತ್ರ ಮಾಡಲು ಹೊರಟಿದ್ದರು. ಬೀಡಿ ಕಟ್ಟುವ ತಾಯಿಯೊಬ್ಬಳು ಮಗಳನ್ನು ಹೈಸ್ಕೂಲಿಗೆ ಸೇರಿಸಲು ಕಚೇರಿಯಿಂದ ಕಚೇರಿಗೆ ಅಲೆಯುವ ಕಥೆ ಅದು. “ಸರ್, ‘ನನ್ನ ಮಗಳು ನನ್ನ ಹಾಗೆ ಆಗಬಾರದು’ ಅಂತ ಅವಳ ಬಾಯಲ್ಲಿ ಒಂದು ಮಾತು ಹೇಳಿಸೋಣ” ಎಂದರು. ನಾವು ಬೇಡವೆಂದೆವು. ಬದಲಿಗೆ ಒಂದು ರಾತ್ರಿಯ ದೃಶ್ಯ ಬರೆದುಕೊಟ್ಟೆವು: ತಾಯಿ ಬೀಡಿ ಕಟ್ಟುತ್ತಿದ್ದಾಳೆ. ಸಹಾಯ ಮಾಡಲೆಂದು ಮಗಳು ಎಲೆಗೆ ಕೈಚಾಚುತ್ತಾಳೆ. ತಾಯಿ ತಲೆಯೆತ್ತದೆ ಮೊರವನ್ನು ಆಚೆ ಸರಿಸುತ್ತಾಳೆ. “ಜನಕ್ಕೆ ಅರ್ಥವಾಗುತ್ತದಾ ಸರ್?” ಎಂದು ಗೆಳೆಯರಿಗೆ ಅನುಮಾನ. ದುಡಿಯುವ ತಾಯಿಯನ್ನು ಕಂಡವರಿಗೆ ಅರ್ಥವಾಗುತ್ತದೆ ಎಂದೆವು.

ಉದ್ದೇಶವೆಂಬುದು ಬಾಯಲ್ಲಿ ಹೇಳುವುದರಲ್ಲಿಲ್ಲ, ಮನುಷ್ಯ ಏನನ್ನು ಬಿಟ್ಟುಕೊಡುತ್ತಾನೆ ಎಂಬುದರಲ್ಲಿದೆ. ಚಿತ್ರದ ಕೊನೆಯಲ್ಲಿ ಆಂತೋನಿಯೊ ಪರರ ಸೈಕಲ್ಲಿಗೆ ಕೈಹಾಕಿ ಜನರ ಕೈಗೆ ಸಿಕ್ಕಿಬೀಳುತ್ತಾನೆ. ಅಲ್ಲಿ ನೆರೆದ ಜನರಿಗೆ ಅವನು ಬರೀ ಕಳ್ಳ. ಅವರು ಮರಿಯಾಳ ಚಾದರಗಳನ್ನು ನೋಡಿದವರಲ್ಲ. ನಮ್ಮ ಬೀದಿಗಳಲ್ಲಿ ಸಿಕ್ಕಿಬಿದ್ದವನ ಸುತ್ತ ಗುಂಪು ಕೂಡಿದಾಗಲೂ ನೋಡದೇ ಉಳಿದ ಇಂಥದೊಂದು ದೃಶ್ಯ ಇರಬಹುದಲ್ಲವೇ?