ನೀರು ಕುಡಿದ ಎಂಜಿನ್

ಕನಕಪುರದಿಂದ ಕಾಡಿನ ನಡುವೆ ಇಳಿಯುತ್ತಾ ಹೋಗುವ ರಸ್ತೆ ಸಂಗಮದಲ್ಲಿ ಕೊನೆಗೊಳ್ಳುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ, ಮಾಗಡಿ ಸೀಮೆಯ ಮಂಚನಬೆಲೆ ಅಣೆಕಟ್ಟೆಯಲ್ಲಿ ತಂಗಿ, ರಾಮನಗರ, ಕನಕಪುರಗಳನ್ನು ಹಾದುಬಂದ ಅರ್ಕಾವತಿ ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ನೀರಿರುವ ಕಾಲದಲ್ಲಿ ಮೇಕೆದಾಟಿಗೆ ಹೊರಟವರನ್ನು ದಾಟಿಸುವುದು ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ, ಒಂದು ಹುಟ್ಟು, ಅಂಬಿಗನ ತೋಳು, ಅಷ್ಟೆ. ಕೆಡುವಂಥದ್ದು ಇದರಲ್ಲಿ ಏನಿದೆ? ತಳ ಒಸರಿದರೆ ಡಾಂಬರು ಬಳಿದರಾಯಿತು. ಆಚೆ ದಡದಲ್ಲಿ ಬಹುಕಾಲ ಓಡಿದ ಹಳೆಯ ಬಸ್ಸುಗಳ ಮಾತು ಬೇರೆ. ಅವುಗಳ ಎಂಜಿನ್ ಮುನಿಸಿಕೊಂಡರೆ ಮೆಕ್ಯಾನಿಕ್ಕನೂ ಅವನ ಪಾನಾಗಳೂ ಹರಿಗೋಲು ಹತ್ತಲೇಬೇಕು.

ಎಂಜಿನ್ ದೋಣಿಗಳಿಲ್ಲದ ಈ ಸೀಮೆಯಲ್ಲೂ ಎಂಜಿನ್‌ಗಳು ಮುಳುಗಿದ್ದುಂಟು. 2022ರ ಆಗಸ್ಟ್ ಕೊನೆಯ ವಾರದ ಮಳೆಗೆ ರಾಮನಗರ, ಚನ್ನಪಟ್ಟಣದ ಸುತ್ತಿನ ಕೆರೆಗಳು ಕೋಡಿ ಬಿದ್ದವು. ಸಂಗಬಸವನದೊಡ್ಡಿಯ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಕೆರೆಯಾಗಿ, ಕಾರು ಬಸ್ಸುಗಳು ನೀರಿನಲ್ಲಿ ನಿಂತವು.

ಇಂಥ ಹೊತ್ತಿನಲ್ಲಿ ನೀರು ಇಳಿದೊಡನೆ ಮಾಲೀಕನ ಕೈ ಹೋಗುವುದು ಕೀಲಿಯ ಕಡೆಗೆ. ನೀರು ಮಾಡದ ಹಾನಿಯನ್ನು ಆ ಕೀಲಿ ಮಾಡುತ್ತದೆ! ಸೂಜಿಯಿಲ್ಲದ ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ. ಒಳಗಿರುವುದು ಗಾಳಿಯಾದರೆ ಕುಗ್ಗುತ್ತದೆ; ನೀರಾದರೆ ಕುಗ್ಗುವುದಿಲ್ಲ. ಡೀಸೆಲ್ ಎಂಜಿನ್ನಿನ ಪಿಸ್ಟನ್ ಗಾಳಿಯನ್ನು ಹದಿನಾರರಿಂದ ಇಪ್ಪತ್ತು ಪಟ್ಟು ಒತ್ತುವಂಥದ್ದು. ಅಲ್ಲಿ ಗಾಳಿಯ ಬದಲು ನೀರು ಕುಳಿತಿದ್ದರೆ ಪಿಸ್ಟನ್ ಮೇಲೇರಲಾರದು, ಸ್ಟಾರ್ಟರ್ ಬಿಡದು. ನಡುವೆ ಸಿಕ್ಕ ಕನೆಕ್ಟಿಂಗ್ ರಾಡು ಬಾಗುತ್ತದೆ. ಓಡುತ್ತಿದ್ದಾಗಲೇ ನೀರು ಹೀರಿದ ಎಂಜಿನ್ನಿನಲ್ಲಿ ರಾಡು ಮುರಿದು ಬ್ಲಾಕನ್ನೇ ತೂತು ಮಾಡುವುದೂ ಉಂಟು.

ತಿಳಿದ ಮೆಕ್ಯಾನಿಕ್ ಮೊದಲು ಬ್ಯಾಟರಿಯ ವೈರು ಕಳಚುತ್ತಾನೆ. ಆಮೇಲೆ ಏರ್ ಫಿಲ್ಟರ್ ತೆಗೆದು ಒದ್ದೆಯಾಗಿದೆಯೇ ಎಂದು ಮುಟ್ಟುತ್ತಾನೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಅಲ್ಲಿಗೂ ಇಳಿದಿದೆ ಎಂದೇ ಲೆಕ್ಕ. ಡೀಸೆಲ್ ಗಾಡಿಯಾದರೆ ನಾಜಲ್, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದಲೇ ತಿರುಗಿಸುತ್ತಾನೆ. ತೂತುಗಳಿಂದ ನೀರು ಚಿಮ್ಮಿ ಎಂಜಿನ್ ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂತೆ.

ಹೊಳೆದಂಡೆಯ ಡೀಸೆಲ್ ಪಂಪ್‌ಸೆಟ್ಟಿನ ಕಾಯಿಲೆ ಬೇರೆ ಬಗೆಯದು. ನೆರೆ ಬಂದಾಗ ಅದನ್ನು ಯಾರೂ ನೆನೆಯುವುದಿಲ್ಲ. ಮಳೆ ನಿಂತು ಹಿಪ್ಪುನೇರಳೆ ಬಾಡತೊಡಗಿದಾಗ ಹ್ಯಾಂಡಲ್ ಹಾಕುತ್ತಾರೆ; ತಿರುಗದು. ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ರೇಷ್ಮೆಹುಳು. ಸೊಪ್ಪು ಮೇಯುವುದರಲ್ಲಿ ಅದಕ್ಕೆ ರಾತ್ರಿ ಹಗಲೆಂಬುದಿಲ್ಲ. ಡಿಕಂಪ್ರೆಷನ್ ಲಿವರ್ ಎತ್ತಿದರೂ ಹ್ಯಾಂಡಲ್ ಅಲುಗದಿದ್ದರೆ ತಡೆಯುತ್ತಿರುವುದು ನೀರಲ್ಲ, ತುಕ್ಕು ಎಂದು ಅನುಮಾನಿಸಬೇಕು. ರಿಂಗುಗಳು ಬೋರಿಗೆ ಕಚ್ಚಿಕೊಂಡಿರುತ್ತವೆ. ಕಬ್ಬಿಣದ ಪೈಪು ಸಿಕ್ಕಿಸಿ ನಾಲ್ಕು ಜನ ತೂಗುವುದು ಹಳ್ಳಿಯ ವೈದ್ಯ. ಅದರಿಂದ ರಿಂಗು ಮುರಿದು ಬೋರು ಗೀಚುತ್ತದೆ, ಉಳಿಯಬಹುದಾಗಿದ್ದ ಎಂಜಿನ್ ಗುಜರಿಗೆ ಹೋಗುತ್ತದೆ. ನಾಜಲ್ ತೆಗೆದು ಆ ತೂತಿನಿಂದ ಡೀಸೆಲ್ಲಿಗೆ ತೆಳು ಆಯಿಲು ಬೆರೆಸಿ ಸುರಿಯಬೇಕು, ಒಂದೆರಡು ದಿನ ನೆನೆಯಲು ಬಿಡಬೇಕು. ಹುಳು ಕಾಯುವುದಿಲ್ಲ ನಿಜ. ಅಷ್ಟರ ಮಟ್ಟಿಗೆ ಸೊಪ್ಪು ಕೊಂಡು ಹಾಕುವುದೇ ಅಗ್ಗ. ನಂತರ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮೆಲ್ಲಗೆ ಅಲುಗಿಸಬೇಕು. ಕೂದಲೆಳೆಯಷ್ಟು ಸರಿದರೂ ಸಾಕು, ಮತ್ತೆ ಸುರಿದು ಕಾಯಬೇಕು. ಮಲ್ಪೆಯ ದೋಣಿ ಎಂಜಿನ್ನಿಗೂ ಮದ್ದು ಇಂಥದ್ದೇ. ಆದರೆ ಉಪ್ಪುನೀರು ಬೇಗ ಕೊರೆಯುವುದರಿಂದ ಅಲ್ಲಿ ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು.

ಬಿಡಿಸಿಕೊಂಡ ಎಂಜಿನ್ನಿಗೆ ಹೊಸ ಆಯಿಲು ಹಾಕಿ, ಸ್ವಲ್ಪ ಹೊತ್ತು ಹೊರೆಯಿಲ್ಲದೆ ಓಡಿಸಿ, ಆ ಆಯಿಲನ್ನೂ ಬಸಿದು ಇನ್ನೊಮ್ಮೆ ತುಂಬಬೇಕು. ಜಿಪುಣತನಕ್ಕೆ ಇದು ಜಾಗವಲ್ಲ. ಓಡುವಾಗ ಕಿವಿಗೊಡಬೇಕು. ಒಂದೇ ಲಯದಲ್ಲಿ ಟಕ್ ಟಕ್ ಎಂಬ ಬಡಿತ ಕೇಳಿದರೆ ಬಾಗಿದ ರಾಡು ಒಳಗೇ ಉಳಿದಿರಬಹುದು. ಆಗ ಹೊಲದ ನೀರನ್ನು ಇನ್ನೊಂದು ದಿನಕ್ಕೆ ಮುಂದೂಡಿ, ಹೆಡ್ ಬಿಚ್ಚಿಸಿ ಪಿಸ್ಟನ್ ಎಷ್ಟು ಮೇಲೇರುತ್ತದೆಂದು ಅಳೆಸಬೇಕು.