ಬಾರ್‌ಗೀರನ ಭಾನುವಾರ

ಭಾನುವಾರ ಬೆಳಕು ಹರಿಯುವ ಮೊದಲೇ ನಂಜನಗೂಡಿನಲ್ಲಿ ಮೈಸೂರು ಬಸ್ಸು ಹತ್ತುತ್ತೇನೆ. "ಕುದುರೆಗೇನೋ ಲಗಾಮಿದೆ, ನಿಮಗೆ?" ಎಂದು ಮನೆಯವಳು ಕೇಳಿ ಕೇಳಿ ಈಗ ಬಿಟ್ಟಿದ್ದಾಳೆ. ಊರಿನವರ ಪ್ರಶ್ನೆ ಬೇರೆ: "ಯಾವ ನಂಬರಿನ ಮೇಲೆ ಕಟ್ಟಿದ್ರಿ?" 1891ರಿಂದ ಮೈಸೂರಿನಲ್ಲಿ ರೇಸ್ ಕ್ಲಬ್ಬಿದೆಯಲ್ಲ, ಕುದುರೆಯ ಮೇಲೆ ದುಡ್ಡು ಕೂರಿಸದೆ ತಾನೇ ಕೂರುವವನನ್ನು ಯಾರೂ ನಂಬುವುದಿಲ್ಲ.

ನಾವು ಏಳೆಂಟು ಜನ. ಕೂಟಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಒಬ್ಬರಿಗೂ ಸ್ವಂತ ಕುದುರೆಯಿಲ್ಲ. ಗಂಟೆ ಲೆಕ್ಕದ ಬಾಡಿಗೆ ಸವಾರರು. ಹಿಂದಿನ ಅಶ್ವದಳಗಳಲ್ಲಿ ಸ್ವಂತ ಕುದುರೆ, ಆಯುಧ ತಂದು ಸೇರಿದವನು ಸಿಲ್ಲೇದಾರ. ಬೇರೆಯವರ ಕುದುರೆ ಏರಿದವನು ಬಾರ್‌ಗೀರ. ಬ್ರಿಟಿಷರೊಡನೆ ಆದ 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಸವಾರರನ್ನು ಸಾಕಬೇಕಿತ್ತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಪಟ್ಟಣ ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರಲ್ಲಿ ಒಬ್ಬ ನಮ್ಮವನು. ಆ ಪರಂಪರೆಯ ಬಾಲದ ತುದಿಯ ಕೂದಲು ನಾವು, ಬಾರ್‌ಗೀರರು.

ಸವಾರಿಗಿಂತ ಅದರ ಮುಂಚಿನ ಅರ್ಧ ಗಂಟೆಯೇ ನನಗಿಷ್ಟ. ಕಾಲನ್ನು ನೇವರಿಸುತ್ತ ಕೆಳಗಿಳಿದರೆ ಕುದುರೆ ತಾನಾಗಿ ಗೊರಸು ಎತ್ತಿ ಕೈಗೆ ಕೊಡುತ್ತದೆ. ಲಾಳದೊಳಗೆ ಸಿಕ್ಕ ಕಲ್ಲು, ಲದ್ದಿ ಕೆರೆದು ತೆಗೆಯಬೇಕು. ನಡುವಿನ ಮೆತ್ತನೆಯ ತ್ರಿಕೋನಕ್ಕೆ ಕೊಕ್ಕೆ ತಾಗಬಾರದು. ಆಮೇಲೆ ಜೀನು. ಹೊಟ್ಟೆಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಉಸಿರು ಹಿಡಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿಯಬೇಕು. ನಾನೊಮ್ಮೆ ಮರೆತೆ. ಕುಕ್ಕುಲೋಟಕ್ಕೆ ಬಿದ್ದದ್ದೇ ತಡ, ಜೀನು ಪಕ್ಕಕ್ಕೆ ಜಾರಿತು, ನಾನೂ ಜೀನಿನ ಜೊತೆ ನೆಲಕ್ಕೆ. ಕುದುರೆ ನಿಂತು ಹುಲ್ಲು ಮೇಯತೊಡಗಿತು.

ಕುದುರೆ ನೋಡಿಕೊಳ್ಳುವ ಸೈಸನಿಗೆ ಅರವತ್ತು ದಾಟಿದೆ. ಬಿದ್ದವನನ್ನು ಎತ್ತುವ ಮೊದಲು ಕುದುರೆಯ ಬಾಯಿ ನೋಡಿದ. "ಬೀಳೋವಾಗ್ಲೂ ಲಗಾಮು ಎಳೀತೀರಲ್ಲ ಸಾರ್. ಬಾಯಿ ಅದು, ಬಸ್ಸಿನ ಬ್ರೇಕಲ್ಲ."

ನಮ್ಮ ಕೂಟದ ಒಂದೇ ಕಾನೂನು: ಬಿದ್ದವರು ಎಲ್ಲರಿಗೂ ದೋಸೆ ಕೊಡಿಸಬೇಕು. ನಜರಬಾದಿನಲ್ಲಿ ಬೆಣ್ಣೆ ಹಚ್ಚಿದ ಮೈಲಾರಿ ದೋಸೆ. ಅಂದು ಸೈಸನದೂ ಸೇರಿ ಒಂಬತ್ತು ಜನರ ಬಿಲ್ಲು ಕಟ್ಟಿದೆ. ಸೊಂಟದ ನೋವಿಗೆ ಬೆಣ್ಣೆ ಒಳ್ಳೆಯದೆಂದು ಮೇಷ್ಟ್ರೊಬ್ಬರು ಎರಡನೆಯದನ್ನೂ ತರಿಸಿಕೊಂಡರು; ಸೊಂಟ ಮಾತ್ರ ನನ್ನದಾಗಿತ್ತು.

ಜೀನು ಇಳಿಸಿದ ಮೇಲೆ ಅಂಗೈ ಚಪ್ಪಟೆ ಹಿಡಿದು ಬೆಲ್ಲದ ಚೂರು ಕೊಡುತ್ತೇನೆ. ಬೆರಳು ಮಡಚಿದರೆ ಹಲ್ಲಿಗೆ ಸಿಗುತ್ತದೆ. ಬೆಚ್ಚಗಿನ ತುಟಿ ಅಂಗೈ ಒರೆಸಿ ಹೋಗುತ್ತದೆ. ಆಮೇಲೆ ಕುದುರೆ ಮಣ್ಣಲ್ಲಿ ಹೊರಳಿ, ಬೆನ್ನ ಮೇಲಿನ ನಮ್ಮನ್ನೆಲ್ಲ ಕೊಡವಿಕೊಂಡು ಲಾಯಕ್ಕೆ ನಡೆಯುತ್ತದೆ. ತಿರುಗಿ ನೋಡಿದ್ದು ಒಮ್ಮೆಯೂ ಇಲ್ಲ.

ಊರಿನ ಬಸ್ಸಿನಲ್ಲಿ ಪಕ್ಕದ ಅಜ್ಜಿ ಮೂಗಿಗೆ ಸೆರಗು ಹಿಡಿದು ಕೇಳಿದರು: "ಜಟಕಾ ಹೊಡೀತೀಯೇನಪ್ಪ?"

"ಹೂಂ ಕಣಜ್ಜಿ."

"ಕುದುರೆ ಸ್ವಂತದ್ದಾ?"

"ಇಲ್ಲ ಕಣಜ್ಜಿ, ಬಾಡಿಗೇದು."