ಕೆಂಪು ದೀಪ ಹೊತ್ತಿದೆ, ಮೇನ್ ಆಫ್ ಮಾಡಬೇಡಿ

ಚೆನ್ನೈನ ಪಟ್ಟರವಾಕ್ಕಂ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಎದುರಿಗೆ ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟ್. 1964ರಲ್ಲಿ ಶುರುವಾದ ಈ ವಸಾಹತಿನಲ್ಲಿ ಶೆಡ್ಡಿಗೆ ಶೆಡ್ಡು ತಾಗಿಕೊಂಡಿದೆ. ಒಂದರಲ್ಲಿ ಲೇತು, ಪಕ್ಕದ್ದರಲ್ಲಿ ಪ್ರೆಸ್ಸು, ಅದರಾಚೆ ಪ್ಲೇಟಿಂಗ್. ನಿಮ್ಮನ್ನು ಕರೆಸಿರುವುದು ಸಣ್ಣ ಕೆಲಸಕ್ಕೆ. ರಬ್ಬರ್ ಬುಷ್ ಒತ್ತುವ ಹೈಡ್ರಾಲಿಕ್ ಪ್ರೆಸ್ 5 ಸೆಕೆಂಡ್ ಒತ್ತಿ ಹಿಡಿಯುತ್ತದೆ. ಹೊಸ ಆರ್ಡರಿಗೆ 8 ಸೆಕೆಂಡ್ ಬೇಕು. ಯಂತ್ರ ಮಾಡಿಕೊಟ್ಟವನು ಫೋನ್ ಎತ್ತುತ್ತಿಲ್ಲ. ಇನ್ನೊಬ್ಬ ಬಂದು ನೋಡಿ, ಇಡೀ ಪ್ಯಾನಲ್ಲನ್ನೇ ಬದಲಿಸಬೇಕೆಂದು ಕೊಟೇಶನ್ ಕೊಟ್ಟು ಹೋಗಿದ್ದಾನೆ.

ಪ್ಯಾನಲ್ ಬಾಗಿಲು ತೆಗೆಯುತ್ತೀರಿ. ಒಳಗೆ ಯಂತ್ರವನ್ನು ನಡೆಸುವ ನಿಯಂತ್ರಕ, ಹಳೆಯ ಮಿತ್ಸುಬಿಷಿ ಎಫ್‌ಎಕ್ಸ್2ಎನ್ ಪಿಎಲ್‌ಸಿ. ರನ್ ದೀಪ ಹಸಿರು. ಅದರ ಕೆಳಗೆ ಬ್ಯಾಟರಿಯ ದೀಪ ಕೆಂಪು. ಈ ಮಾದರಿ ಪ್ರೋಗ್ರಾಂ ಇಟ್ಟುಕೊಳ್ಳುವುದು ರ್‍ಯಾಮಿನಲ್ಲಿ. ಕರೆಂಟ್ ಇಲ್ಲದಾಗ ಅದನ್ನು ಉಳಿಸುವುದು ಒಂದು ಪುಟ್ಟ ಲಿಥಿಯಂ ಬ್ಯಾಟರಿ. ಅದೀಗ ಕೊನೆಯುಸಿರಿನಲ್ಲಿದೆ.

“ಕಾಪಿ ಇರುಕ್ಕಾ ಸಾರ್?” ಪ್ರೋಗ್ರಾಮಿನ ಪ್ರತಿ ಇದೆಯೇ ಎಂದು ಕೇಳುತ್ತೀರಿ. ಮಾಲೀಕರು ತಲೆಯಾಡಿಸುತ್ತಾರೆ. ಇಲ್ಲ.

“ಹಾಗಾದರೆ ಮೇನ್ ಆಫ್ ಮಾಡಬೇಡಿ. ಕರೆಂಟ್ ಹೋಗದಿರಲಿ ಅಂತ ಬೇಡಿಕೊಳ್ಳಿ.”

ಪ್ರೋಗ್ರಾಂ ಓದಿಕೊಳ್ಳಲು ಕೇಬಲ್ ಬೇಕು. ಮತ್ತೆ ಲೋಕಲ್ ಹತ್ತಿ ಸೆಂಟ್ರಲ್‌ಗೆ ಬಂದು, ಕೂವಂ ದಾಟಿ ರಿಚೀ ಸ್ಟ್ರೀಟ್ ಹೊಗುತ್ತೀರಿ. ಮೊಬೈಲ್ ಡಿಸ್‌ಪ್ಲೇ, ಸಿಸಿಟಿವಿ, ಸೋಲ್ಡರಿಂಗ್ ಐರನ್ ರಾಶಿಗಳ ನಡುವೆ ಭುಜ ಓರೆ ಮಾಡಿಕೊಂಡೇ ನಡೆಯಬೇಕು. ಅಂಗಡಿಯವನಿಗೆ “ಎಸ್‌ಸಿ-09” ಎಂದರೆ ಸಾಕು. ಯುಎಸ್‌ಬಿಯಿಂದ ಎಂಟು ಪಿನ್ನಿನ ದುಂಡು ಪ್ಲಗ್ಗಿಗೆ ಹೋಗುವ ನಕಲು ಕೇಬಲ್ ಮೇಜಿನ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಯಾರೋ ತಗ್ಗಿದ ದನಿಯಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬೇಕೇ ಎನ್ನುತ್ತಾನೆ. ಬೇಡ. ಅದರ ಜತೆ ವೈರಸ್ ಬಂದರೆ ನಾಳೆ ನಿಮ್ಮ ಲ್ಯಾಪ್‌ಟಾಪೇ ಹತ್ತು ಶೆಡ್ಡುಗಳಿಗೆ ರೋಗ ಹಂಚುತ್ತದೆ. ಕೇಬಲ್ಲನ್ನೂ ಹೊಸ ಬ್ಯಾಟರಿಯನ್ನೂ ಕೊಂಡು ಹೊರಡುತ್ತೀರಿ.

ಶೆಡ್ಡಿಗೆ ಮರಳಿದಾಗ ದೀಪಗಳು ಹಾಗೇ ಇವೆ. ಪ್ಲಗ್ ಚುಚ್ಚಿ, ‘ರೀಡ್ ಫ್ರಂ ಪಿಎಲ್‌ಸಿ’ ಒತ್ತುತ್ತೀರಿ. ಪುಣ್ಯಕ್ಕೆ ಪಾಸ್‌ವರ್ಡ್ ಹಾಕಿಲ್ಲ. ಲ್ಯಾಡರ್, ಅಂದರೆ ಏಣಿಯಂತೆ ಬರೆದ ಪ್ರೋಗ್ರಾಂ, ಪರದೆಯ ಮೇಲೆ ಇಳಿಯುತ್ತದೆ. ಮೊದಲು ಎರಡು ಕಡೆ ಸೇವ್. ಆಮೇಲೆ ಬ್ಯಾಟರಿ.

ಈಗ ನಿಜವಾದ ತಲೆನೋವು. ಪರದೆಯಲ್ಲಿ ಎಕ್ಸ್3, ವೈ5, ಎಂ100, ಟಿ12, ಯಾವುದಕ್ಕೂ ಹೆಸರಿಲ್ಲ. ಕಾಮೆಂಟುಗಳು ಬರೆದವನ ಕಂಪ್ಯೂಟರಿನಲ್ಲೇ ಉಳಿದಿವೆ. ಒಬ್ಬ ಹುಡುಗ ಒಂದೊಂದೇ ಲಿಮಿಟ್ ಸ್ವಿಚ್ ಒತ್ತುತ್ತಾನೆ. ಪಿಎಲ್‌ಸಿಯ ಯಾವ ದೀಪ ಹೊತ್ತಿತೆಂದು ನೋಡಿ ನೀವು ನೋಟ್‌ಬುಕ್ಕಿನಲ್ಲಿ ಬರೆಯುತ್ತೀರಿ. ಎಕ್ಸ್7 ಆದ ಮೇಲೆ ಎಕ್ಸ್10. ಎಕ್ಸ್, ವೈಗಳ ಎಣಿಕೆ ಎಂಟರ ಲೆಕ್ಕದ್ದು, 8 ಮತ್ತು 9 ಇಲ್ಲವೇ ಇಲ್ಲ. ವೈರ್ ಹಿಡಿದು ಹಿಡಿದು ಮಧ್ಯಾಹ್ನ ಕರಗುತ್ತದೆ. ಕೊನೆಗೆ ಒತ್ತಿ ಹಿಡಿಯುವ ಟೈಮರ್ ಸಿಗುತ್ತದೆ: ಕೆ50. ನೂರು ಮಿಲಿಸೆಕೆಂಡಿನ ಐವತ್ತು ಎಣಿಕೆ, ಅಂದರೆ 5 ಸೆಕೆಂಡ್. ಅದನ್ನು ಕೆ80 ಮಾಡುತ್ತೀರಿ. ತಿದ್ದಲು ಒಂದು ನಿಮಿಷ, ಹುಡುಕಲು ಇಡೀ ಮಧ್ಯಾಹ್ನ. ಬಿಲ್ಲು ಏರುವುದು ಈ ಹುಡುಕಾಟದಲ್ಲೇ.

ಪಿಎಲ್‌ಸಿ ಹುಟ್ಟಿದ್ದೇ ಖರ್ಚಿನ ಚಿಂತೆಯಿಂದ. ಕಾರಿನ ಮಾಡೆಲ್ ಬದಲಾದಾಗಲೆಲ್ಲ ರಿಲೇ ಪ್ಯಾನಲ್‌ಗಳ ವೈರಿಂಗ್ ಕಿತ್ತು ಮತ್ತೆ ಹಾಕುವುದು ಅಮೆರಿಕದ ಜನರಲ್ ಮೋಟರ್ಸ್‌ಗೆ ಸಾಕಾಗಿತ್ತು. 1968ರಲ್ಲಿ ಅದು ಕೇಳಿದ್ದು ವೈರು ಮುಟ್ಟದೆ ತಿದ್ದಬಹುದಾದ ನಿಯಂತ್ರಕವನ್ನು. ಡಿಕ್ ಮಾರ್ಲಿಯ ತಂಡದ ಮಾಡಿಕಾನ್ 084 ಬಂದದ್ದು ಆ ಬೇಡಿಕೆಗೆ. ಪ್ರೋಗ್ರಾಮಿನ ಪ್ರತಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ಅನುಕೂಲವೆಲ್ಲ ಸೊನ್ನೆ.

ಮಾಲೀಕರು ಪ್ಯಾನಲ್ ಮೂಲೆಯ ಹಳದಿ ಸೇಫ್ಟಿ ರಿಲೇ ತೋರಿಸಿ, ಮುಂದಿನ ಯಂತ್ರದಲ್ಲಿ ಎಮರ್ಜೆನ್ಸಿ ಸ್ಟಾಪನ್ನು ಪ್ರೋಗ್ರಾಮಿನಲ್ಲೇ ಬರೆದು ಇದರ ಖರ್ಚು ಉಳಿಸಬಹುದಲ್ಲ ಎನ್ನುತ್ತಾರೆ. ಆಗದು. ಸಾಮಾನ್ಯ ಪಿಎಲ್‌ಸಿಯ ಔಟ್‌ಪುಟ್ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಪ್ರೋಗ್ರಾಂ “ನಿಲ್ಲು” ಎಂದರೂ ಪ್ರೆಸ್ ನಿಲ್ಲದು. ಒಳಗೆ ಇರುವುದು ಆಪರೇಟರನ ಕೈ.

ಉಳಿತಾಯಕ್ಕೆ ಬೇರೆ ದಾರಿಗಳಿವೆ. ಡೆಲ್ಟಾ ಕಂಪನಿಯ ಪಿಎಲ್‌ಸಿಗಳ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಉಚಿತ. ಕೋಡೆಸಿಸ್‌ ಎಂಬ ಸಾಫ್ಟ್‌ವೇರಿನಲ್ಲಿ ಬರೆಯುವುದೂ ಉಚಿತ. ದುಡ್ಡು ಕೊಡಬೇಕಾದ್ದು ಯಂತ್ರದಲ್ಲಿ ಓಡಿಸುವ ರನ್‌ಟೈಮಿಗೆ. ಸಿಮ್ಯುಲೇಟರಿನಲ್ಲಿ ಮೊದಲೇ ಓಡಿಸಿ ನೋಡಿದರೆ ಶೆಡ್ಡಿನಲ್ಲಿ ಯಂತ್ರ ನಿಲ್ಲಿಸಿಕೊಂಡು ಕೂರುವ ಗಂಟೆಗಳು ಉಳಿಯುತ್ತವೆ. ಮೋಟಾರ್, ಸಿಲಿಂಡರ್‌ಗಳಿಗೆ ಒಮ್ಮೆ ಬರೆದ ಫಂಕ್ಷನ್ ಬ್ಲಾಕನ್ನು ಮುಂದಿನ ಯಂತ್ರಕ್ಕೂ ಬಳಸಬಹುದು.

ಇವೆಲ್ಲಕ್ಕಿಂತ ಅಗ್ಗದ್ದು ಪರ್ಚೇಸ್ ಆರ್ಡರಿನ ಒಂದು ಸಾಲು. ಹೊಸ ಯಂತ್ರ ಕೊಳ್ಳುವವರು ಅದನ್ನು ಮರೆಯದೆ ಬರೆಸಿ: ಕಾಮೆಂಟ್ ಸಮೇತ ಮೂಲ ಪ್ರೋಗ್ರಾಂ, ಪಾಸ್‌ವರ್ಡ್ ಮತ್ತು ವೈರಿಂಗ್ ನಕ್ಷೆ ಕೈಸೇರಿದ ಮೇಲೆಯೇ ಕೊನೆಯ ಕಂತು.